ಖೋಪೋಲಿಯ ಪ್ಲಾಟು, ಗೋವಂಡಿಯ ಹೊಗೆ

2023ರ ಚೌತಿ ಹೊತ್ತು. ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಗಣಪತಿ, ಕಡುಬು, ಪಂಚಕಜ್ಜಾಯದ ಫೋಟೋಗಳದ್ದೇ ರಾಶಿ. ಅದರ ನಡುವೆ ಚೆಂಬೂರಿನ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು. ತಲೆ ಮೇಲೆ ಎರಡು ಬಾಣದ ಗುರುತು. ಎಷ್ಟು ಊರು ಸುತ್ತಿ ಬಂದಿತ್ತೋ.

"ಮುಂಬಯಿಯ ಎಲ್ಲಾ ಆಸ್ಪತ್ರೆಗಳ ಕಸ ಇನ್ನು ಖಾಲಾಪುರದಲ್ಲಿ ಸುಡುತ್ತಾರೆ!! ಗಾಳಿ, ನೀರು, ತರಕಾರಿ ಎಲ್ಲ ವಿಷ. ಆ ಕಡೆ ಜಾಗ ಇರುವವರು ಕೂಡಲೇ ಮಾರಿ. ಹತ್ತು ಜನಕ್ಕೆ ಕಳಿಸಿ."

ಕೆಳಗೆ ಚಿಕ್ಕಪ್ಪನದೇ ಒಂದು ಸಾಲು: "ಅಂತೂ ನಮ್ಮ ಪಕ್ಕದಿಂದ ಪೀಡೆ ತೊಲಗಿತು. ಗಣಪತಿ ದಯೆ."

ಮುಂಬಯಿಯ ಆಚೆ, ರಾಯಗಡ ಜಿಲ್ಲೆಯ ಖಾಲಾಪುರ ತಾಲೂಕಿನ ಖೋಪೋಲಿ ಹತ್ತಿರ ಭಾವನದ್ದೊಂದು ಪ್ಲಾಟು ಉಂಟು. ತೋರಿಸಿ ಕೊಡಿಸಿದ್ದು ಇದೇ ಚಿಕ್ಕಪ್ಪ. ಇನ್ನು ಹೇಳಬೇಕಾ?

ಭಾವ: ಮೂಲ ಎಲ್ಲಿ? ಯಾವ ಪೇಪರು? ತಾರೀಕು ಎಷ್ಟು?

ಚಿಕ್ಕಪ್ಪ: ಬಂದದ್ದನ್ನು ಹಾಕಿದ್ದೇನೆ. ನಾನೆಂತ ವರದಿಗಾರನಾ?

ಭಾವ: ಪ್ಲಾಟು ತೋರಿಸುವಾಗಲೂ ಹೀಗೇ ಹೇಳಿದ್ದಿರಿ ಮಾವ. 'ನಾನೆಂತ ಬ್ರೋಕರಾ' ಅಂತ.

ಚಿಕ್ಕಪ್ಪ: ಆಗ 'ಗಾಳಿ ಎಷ್ಟು ಚೆನ್ನಾಗುಂಟು' ಅಂತ ಕುಣಿದದ್ದು ಯಾರು?

ಚಿಕ್ಕಮ್ಮ: ಹಬ್ಬದ ದಿನ ಬೇಡ.

ಸುದ್ದಿಯಲ್ಲಿ ನಿಜ ಇದ್ದದ್ದು ಇಷ್ಟು. ಮುಂಬಯಿಯ ಆಸ್ಪತ್ರೆ ಕಸ ಸುಡುವ ಘಟಕ ಇದ್ದದ್ದು ಚಿಕ್ಕಪ್ಪನ ಚೆಂಬೂರಿನ ಪಕ್ಕದ ಗೋವಂಡಿಯಲ್ಲಿ, ದೇವನಾರ್ ಕಸದ ಗುಡ್ಡದ ನೆರೆಯಲ್ಲೇ. ಹೊಗೆಯಿಂದ ಆರೋಗ್ಯ ಕೆಡುತ್ತದೆ ಎಂದು ಸುತ್ತಲಿನ ಬಡವರು ವರ್ಷಗಟ್ಟಲೆ ದೂರಿದರು, ಕೋರ್ಟಿಗೂ ಹೋದರು. ಆ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್, ಘಟಕವನ್ನು 2 ವರ್ಷದೊಳಗೆ ಖಾಲಾಪುರದ ಕಡೆ ಸ್ಥಳಾಂತರಿಸಿ ಎಂದಿತು. ಅಂದರೆ ಚಿಕ್ಕಪ್ಪನ ಪೀಡೆ ಆವತ್ತಿಗೆ ಎಲ್ಲಿಗೂ ತೊಲಗಿರಲಿಲ್ಲ. ಕೋರ್ಟು ಮೆಟ್ಟಿಲು ಹತ್ತಿದವರು ಗೋವಂಡಿಯವರು, ಹೆಸರು ಸಿಕ್ಕಿದ್ದು ಗಣಪತಿಗೆ.

ಕೋಟೇಶ್ವರದಿಂದ ದೊಡ್ಡಪ್ಪ ಬಂದರು. ಅವರು ಬಂದರೆ ಪ್ಯಾರಾಗ್ರಾಫೇ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಡಾಕ್ಟರ ಹತ್ತಿರ ಒಂದು ಗಾಜಿನ ಸಿರಿಂಜು. ಸ್ಟೀಲ್ ಡಬ್ಬಿಯಲ್ಲಿ ಕುದಿಸುವುದು, ಊರಿಗೆಲ್ಲ ಅದರಲ್ಲೇ ಚುಚ್ಚುವುದು. ಕಸ ಎಂಬುದೇ ಇರಲಿಲ್ಲ. ಈಗ ಎಲ್ಲವನ್ನೂ ಬಿಸಾಡುವ ಜನ. ಮೊದಲು ಮನಸ್ಸಿನ ಕಸ ಸುಡಿ.

ಕೈ ಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಅದೇ ಸಿರಿಂಜಿನಿಂದ ಯಾರಿಗೆ ಎಂತೆಂತ ಕಾಯಿಲೆ ದಾಟಿತ್ತೋ, ಕೇಳುವ ಧೈರ್ಯ ಯಾರಿಗೂ ಇಲ್ಲ.

ಚಂದ್ರಣ್ಣ (ದುಬೈ): ಖೋಪೋಲಿ ಅಂದ ಕೂಡಲೇ ನೆನಪಾಯ್ತು! ಮಳೆಗಾಲದಲ್ಲಿ ಅಜ್ಜನ ಹೋಟ್ಲಿನ ಮಾಣಿಗಳೆಲ್ಲ ಟೆಂಪೋ ಮಾಡಿಕೊಂಡು ಝೆನಿತ್ ಜಲಪಾತಕ್ಕೆ ಹೋದದ್ದು. ಚಿಕ್ಕಪ್ಪನ ಚಪ್ಪಲಿ ನೀರಲ್ಲಿ ಹೋಯ್ತಲ್ಲ!

ಚಿಕ್ಕಪ್ಪ: ಚಪ್ಪಲಿ ಅಲ್ಲ ಮಾರಾಯ, ಹೊಸ ಶೂ. ದುಡ್ಡು ಕೊಡ್ತೇನೆ ಅಂದ ನಿನ್ನ ಅಪ್ಪಯ್ಯ ಇವತ್ತಿನವರೆಗೆ ಕೊಡಲಿಲ್ಲ.

ಚಂದ್ರಣ್ಣ: ಅಪ್ಪಯ್ಯ ತೀರಿಹೋಗಿ ಎಷ್ಟು ವರ್ಷ ಆಯ್ತು, ಈಗ ಶೂ ಲೆಕ್ಕವಾ?

ಆಮೇಲೆ ಅರ್ಧ ಗಂಟೆ ಹೋಟ್ಲು ಮಾರಿದ್ದು ಯಾರಿಂದ ಎಂಬ ವಿಷಯ ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೂ ಮನೆಗೆ ಹೋಗಿ ಬರುವುದು ಉಂಟು.

ನಡುವೆ ತಂಗಿ ಪುಟ್ಟಿ ಬರೆದಳು. ಅವಳು ಮಂಗಳೂರಿನಲ್ಲಿ ನರ್ಸು. ಗುಂಪಿನಲ್ಲಿ ಆಸ್ಪತ್ರೆ ಕಸವನ್ನು ದಿನಾ ಕಣ್ಣಲ್ಲಿ ನೋಡುವವಳು ಅವಳೊಬ್ಬಳೇ.

ಪುಟ್ಟಿ: ಎಲ್ಲಾ ಕಸ ಸುಡುವುದಿಲ್ಲ. ಹಳದಿ ಚೀಲದ್ದು ಮುಖ್ಯವಾಗಿ ಸುಡುವುದು: ರಕ್ತದ ಬ್ಯಾಂಡೇಜು, ಹೆರಿಗೆಯ ಮಾಸು, ಅವಧಿ ಮುಗಿದ ಔಷಧಿ. ಸಲೈನ್ ಟ್ಯೂಬು, ಗ್ಲೌಸು ಕೆಂಪು ಚೀಲಕ್ಕೆ. ಅದನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ ರೋಗಾಣು ಕೊಂದು), ಚೂರು ಮಾಡಿ ಮರುಬಳಕೆಗೆ ಕೊಡಬೇಕು.

ಪುಟ್ಟಿ: ಹಳದಿಗೆ ಪ್ಲಾಸ್ಟಿಕ್ ಸೇರಿತು, ಒಲೆಯ ಬಿಸಿ ಕಮ್ಮಿಯಾಯಿತು ಅಂದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುವುದು. 2016ರ ನಿಯಮದ ಪ್ರಕಾರ ಒಲೆಯ ಎರಡನೇ ಕೋಣೆಯಲ್ಲಿ (ಹೊಗೆಯನ್ನು ಮತ್ತೆ ಸುಡುವಲ್ಲಿ) 1050 ಡಿಗ್ರಿ ಆಸುಪಾಸು ಇರಬೇಕು, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡು ನಿಲ್ಲಬೇಕು. ಚಿಮಣಿ 30 ಮೀಟರಿಗೆ ಕಮ್ಮಿ ಇರಬಾರದು. ಹೊಗೆಯ ಅಳತೆ ಆನ್‌ಲೈನಿನಲ್ಲಿ ಮಾಲಿನ್ಯ ಮಂಡಳಿಗೆ ಹೋಗ್ತಾ ಇರಬೇಕು. ಗೋವಂಡಿಯೇ ಆಗಲಿ ಖಾಲಾಪುರವೇ ಆಗಲಿ, ಕೇಳಬೇಕಾದ್ದು ಇದನ್ನು.

ಉತ್ತರ: ಚಂದ್ರಣ್ಣನ ಒಂದು ಹೆಬ್ಬೆಟ್ಟು. ದೊಡ್ಡಮ್ಮನ "ಊಟ ಆಯ್ತಾ ಮಗಾ?"

ಪುಟ್ಟಿ: ದೊಡ್ಡಪ್ಪ, ನಿಮ್ಮ ಇನ್ಸುಲಿನ್ ಸೂಜಿ ಎಲ್ಲಿಗೆ ಹಾಕ್ತೀರಿ?

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ನಿಂತಿತು.

ದೊಡ್ಡಮ್ಮ: ಹಾಲಿನ ತೊಟ್ಟೆಯಲ್ಲಿ ಸುತ್ತಿ ಹಸಿಕಸದ ಬಕೆಟ್ಟಿಗೆ. ಹೇಳಿದರೆ ಕೇಳುದಿಲ್ಲ. ಮೊನ್ನೆ ಕಸ ಕೊಂಡುಹೋಗುವ ಹೆಂಗಸಿನ ಬೆರಳಿಗೆ ಚುಚ್ಚಿತು. ಅವಳು ಗೇಟಿನ ಹತ್ತಿರ ನಿಂತು ಬೈದದ್ದು ಇಡೀ ಕೇರಿಗೆ ಕೇಳಿತು.

ಪುಟ್ಟಿ: ಅವಳು ಡಾಕ್ಟರಿಗೆ ತೋರಿಸಿದಳಾ? ಸೂಜಿಯನ್ನು ಗಟ್ಟಿ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಬೇರೆಯಾಗಿ ಕೊಡಿ.

ದೊಡ್ಡಪ್ಪ: ಅದು ಬೇರೆ ವಿಷಯ. ಎಲ್ಲರೂ ವಿಷಯಕ್ಕೆ ಬನ್ನಿ.

ಬೆರಳಿಗೆ ಚುಚ್ಚಿಸಿಕೊಂಡವಳ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ. ಪುಟ್ಟಿ ರಾತ್ರಿ ದೊಡ್ಡಮ್ಮನಿಗೆ ಬೇರೆ ಫೋನ್ ಮಾಡಿದಳಂತೆ. ವಿಷಯಕ್ಕೆ ಬಂದವರು ಭಾವ ಒಬ್ಬರೇ. ಹೊಸ ಘಟಕಕ್ಕೂ ತನ್ನ ಪ್ಲಾಟಿಗೂ ಎಷ್ಟು ದೂರ ಎಂದು ಮ್ಯಾಪು ತೆರೆದು ನೋಡಬಹುದಿತ್ತು. ಅದೂ ಇಲ್ಲ.

ಭಾವ: ಮೂಲ ಎಲ್ಲಿ ಅಂತ ಬೆಳಿಗ್ಗೆ ಕೇಳಿದ್ದು. ಇನ್ನೂ ಉತ್ತರ ಇಲ್ಲ.

ಚಿಕ್ಕಪ್ಪ: ನನಗೆ ಕಳಿಸಿದ್ದು ಇವಳು.

ಚಿಕ್ಕಮ್ಮ: ನನಗೆ ಹೆಂಗಸರ ಗುಂಪಿನಲ್ಲಿ ಬಂತು. ಹಾಕಿದ್ದು ನಮ್ಮ ಶೈಲ.

ಶೈಲಕ್ಕ ಅಂದರೆ ಭಾವನ ಹೆಂಡತಿ. ಗುಂಪು ಒಂದು ನಿಮಿಷ ತಣ್ಣಗಾಯಿತು.

ಶೈಲಕ್ಕ: ಹೌದು, ನಾನೇ ಹಾಕಿದ್ದು. ಪೂರ್ತಿ ಓದಲಿಲ್ಲ. 'ಕೂಡಲೇ ಮಾರಿ' ಅಂತ ಇತ್ತಲ್ಲ, ಅಷ್ಟು ಸಾಕಾಯ್ತು. ನಾನು ಹೇಳಿದರೆ ಇವರು ಕೇಳುದಿಲ್ಲ. ಚಿಕ್ಕಪ್ಪನ ಬಾಯಲ್ಲೇ ಬರಲಿ ಅಂತ.

ಭಾವ: ಪ್ಲಾಟು ಯಾರ ಹೆಸರಲ್ಲಿ ಉಂಟು, ನೆನಪುಂಟಾ?

ಶೈಲಕ್ಕ: ನನ್ನ ಹೆಸರಲ್ಲಿ. ಟ್ಯಾಕ್ಸ್ ಉಳಿತದೆ ಅಂತ ನೀವೇ ಮಾಡಿಸಿದ್ದು.