ಸೆಕೆಂಡ್ ಹ್ಯಾಂಡ್ ಟಿಯಾಗೋ ಇವಿ ತಗೊಳ್ಳೋದಾ, ಪಂಚ್ ಇವಿ ತಗೊಳ್ಳೋದಾ? ದಿನಕ್ಕೆ 65 ಕಿ.ಮೀ., ತಿಂಗಳಿಗೊಮ್ಮೆ ಬೆಂಗಳೂರು

ಹೇಮಾವತಿ_ದಂಡೆ

ನಮಸ್ಕಾರ. ಎರಡು ಎಲೆಕ್ಟ್ರಿಕ್ ಗಾಡಿ (ಇವಿ) ನೋಡಿಟ್ಟಿದ್ದೇನೆ. ಎರಡೂ ಟಾಟಾ, ಎರಡೂ 2024ರವು, ಎರಡೂ ಸಿಂಗಲ್ ಓನರ್. ಒಂದು ಟಿಯಾಗೋ ಇವಿ, 24 ಯೂನಿಟ್ ಬ್ಯಾಟರಿಯದ್ದು, 31,000 ಓಡಿದೆ. ಇನ್ನೊಂದು ಪಂಚ್ ಇವಿ, 25 ಯೂನಿಟ್ ಬ್ಯಾಟರಿಯದ್ದು, 22,000 ಓಡಿದೆ. ಪಂಚ್‌ಗೆ ಒಂದೂಮುಕ್ಕಾಲು ಲಕ್ಷ ಜಾಸ್ತಿ ಹೇಳ್ತಿದ್ದಾರೆ.

ಓಡಾಟ ಹೀಗಿದೆ: ಹಾಸನದಿಂದ ಹೊಳೆನರಸೀಪುರಕ್ಕೆ ದಿನಾ ಹೋಗಿ ಬರೋದು, ಸುಮಾರು 65 ಕಿ.ಮೀ., ತಿಂಗಳಿಗೆ 25 ದಿನ. ತಿಂಗಳಿಗೊಮ್ಮೆ ಬೆಂಗಳೂರು. ವರ್ಷಕ್ಕೆ ಎರಡು ಮೂರು ಸಲ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಕಡೆ. ಮನೆಯಲ್ಲಿ ನಾಲ್ಕು ಜನ. ಸ್ವಂತ ಮನೆ, ಕಾರು ನಿಲ್ಲಿಸೋಕೆ ಜಾಗ ಇದೆ. ಪಂಚ್‌ನ ಬ್ಯಾಟರಿ ಒಂದು ಯೂನಿಟ್ ದೊಡ್ಡದು, ಹಾಗಾಗಿ ಅದೇ ಹೆಚ್ಚು ದೂರ ಹೋಗುತ್ತೆ ಅಂತ ಬ್ರೋಕರ್ ಅಂತಾರೆ. ನಿಜವಾ?

ಯೂನಿಟ್_ಲೆಕ್ಕ

ನಿಜ ಅಲ್ಲ. ಬಿಡುಗಡೆಯಾದಾಗ ಈ ಎರಡಕ್ಕೂ ಕಂಪನಿ ಹೇಳಿದ ರೇಂಜ್ (ಒಂದು ಫುಲ್ ಚಾರ್ಜಿಗೆ ಓಡೋ ದೂರ) ಒಂದೇ, 315 ಕಿ.ಮೀ. ಒಂದು ಯೂನಿಟ್ ಜಾಸ್ತಿ ಇಟ್ಟುಕೊಂಡೂ ಪಂಚ್ ಅಷ್ಟೇ ದೂರ ಹೋಗುತ್ತೆ ಅಂದರೆ ಆ ಒಂದು ಯೂನಿಟ್ಟನ್ನ ಗಾಡಿಯ ಭಾರ, ಎತ್ತರ, ಅಗಲ ಟೈರುಗಳೇ ತಿಂದು ಹಾಕಿವೆ ಅಂತ ಅರ್ಥ. ಅದೂ ಲ್ಯಾಬಿನ ನಿಧಾನ ವೇಗದಲ್ಲಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, 80 ದಾಟಿದ ಮೇಲೆ ಎತ್ತರದ ಗಾಡಿಯ ನಷ್ಟ ಇನ್ನೂ ಜಾಸ್ತಿ.

315 ಮರೆತುಬಿಡಿ. ಏಸಿ ಹಾಕಿಕೊಂಡು 80–85ರಲ್ಲಿ ಹೋದರೆ ಟಿಯಾಗೋಗೆ ಯೂನಿಟ್‌ಗೆ ಏಳೂವರೆ ಕಿ.ಮೀ., ಪಂಚ್‌ಗೆ ಆರೂವರೆ ಅಂತ ಇಟ್ಟುಕೊಳ್ಳಿ. 24 × 7.5 = 180. 25 × 6.5 = 162. ಇದು ಸೊನ್ನೆಗೆ ಇಳಿಸಿದಾಗಿನ ಲೆಕ್ಕ, ಯಾರೂ ಸೊನ್ನೆವರೆಗೆ ಓಡಿಸಲ್ಲ. ಹಾಸನ–ಬೆಂಗಳೂರು 185ರ ಸುತ್ತ. ಅಂದರೆ ಎರಡರಲ್ಲಿ ಯಾವುದು ತಗೊಂಡರೂ ದಾರಿಯಲ್ಲಿ ಒಂದು ಸಲ ಚಾರ್ಜಿಗೆ ನಿಲ್ಲಲೇಬೇಕು. ಶೇ. 30 ಉಳಿದಿರುವಾಗಲೇ ನಿಲ್ಲಿಸಿ. ಅಲ್ಲಿ ಚಾರ್ಜರ್ ಕೆಟ್ಟಿದ್ದರೆ ಮುಂದಿನದಕ್ಕೆ ಹೋಗೋಕೆ ಉಸಿರು ಉಳಿದಿರಬೇಕು.

ಚಾರ್ಜಿಂಗ್ ಹೊತ್ತು ಇನ್ನೊಂದು ಕಥೆ. ಟಿಯಾಗೋ 24ಕ್ಕೆ ಡಿಸಿ ಚಾರ್ಜರಿನಲ್ಲಿ (ದಾರಿಯಲ್ಲಿ ಸಿಗೋ ವೇಗದ ಚಾರ್ಜರ್) ಶೇ. 10ರಿಂದ 80ಕ್ಕೆ ಸುಮಾರು 58 ನಿಮಿಷ. ಪಂಚ್‌ಗೆ 56 ನಿಮಿಷ, ಬ್ಯಾಟರಿ 25 ಯೂನಿಟ್‌ನದ್ದಿರಲಿ, 35 ಯೂನಿಟ್‌ನದ್ದಿರಲಿ. ಇದರ ಅರ್ಥ ಗಮನಿಸಿ. ಅದೇ ಒಂದು ಗಂಟೆಯಲ್ಲಿ 25ರದ್ದು 17.5 ಯೂನಿಟ್ ಕುಡಿಯುತ್ತೆ, 35ರದ್ದು 24.5 ಯೂನಿಟ್. ದೊಡ್ಡ ಚಾರ್ಜರಿಗೆ ಹಾಕಿದರೆ ಸಣ್ಣ ಪ್ಯಾಕ್ ಬೇಗ ತುಂಬುತ್ತೆ ಅನ್ನೋದು ತಪ್ಪು. ಎಷ್ಟು ತಗೊಳ್ಳಬೇಕು ಅಂತ ತೀರ್ಮಾನ ಮಾಡೋದು ಗಾಡಿ, ಚಾರ್ಜರ್ ಅಲ್ಲ.

ಹಾಗಾಗಿ ನನ್ನ ಮಾತು: 24ಕ್ಕೂ 25ಕ್ಕೂ ತೂಗಿ ನೋಡೋದರಲ್ಲಿ ಅರ್ಥ ಇಲ್ಲ. ದಿನದ 65ಕ್ಕೆ ಟಿಯಾಗೋ 24 ಧಾರಾಳ ಸಾಕು. ಬೆಂಗಳೂರಿಗೆ ನಿಲ್ಲದೆ ಹೋಗಬೇಕು ಅಂದರೆ ಪಂಚ್ 35 ಹುಡುಕಿ: 35 × 6.5 = 227, ಬೆಂಗಳೂರು ಮುಟ್ಟಿದಾಗ ಶೇ. 18 ಉಳಿದಿರುತ್ತೆ. 100ರಲ್ಲಿ ಓಡಿಸಿದರೆ ಅದಕ್ಕೂ ಯೂನಿಟ್‌ಗೆ ಐದೂವರೆಯೇ, ಆಗ ಅದೂ ಬಿಗಿ. ಪಂಚ್ 25 ಇವೆರಡರ ನಡುವೆ ಸಿಕ್ಕಿಕೊಂಡ ಗಾಡಿ. ಅದರ ಮೋಟಾರಿನ ಟಾರ್ಕ್ (ಎಳೆಯೋ ಬಲ) ಕೂಡ ಟಿಯಾಗೋದಷ್ಟೇ, 114 ಎನ್‌ಎಂ, ಭಾರ ಮಾತ್ರ ಜಾಸ್ತಿ. 35ರದ್ದು 190 ಎನ್‌ಎಂ.

ಮೂರು_ಪಿನ್

ಗಾಡಿ ಆಮೇಲೆ. ಮೊದಲು ಮನೆ ಕರೆಂಟ್ ಬಿಲ್ ತೆಗೆದು ನೋಡಿ. ಗೃಹಜ್ಯೋತಿ ಬರ್ತಿದೆಯಾ? ಮಂಜೂರಾದ ಲೋಡ್ ಎಷ್ಟು?

ಹೇಮಾವತಿ_ದಂಡೆ

ಗೃಹಜ್ಯೋತಿ ಬರ್ತಿದೆ, ತಿಂಗಳಿಗೆ 90 ಯೂನಿಟ್ ಆಸುಪಾಸು ಖರ್ಚು. ಲೋಡ್ 3 ಕಿಲೋವ್ಯಾಟ್, ಸಿಂಗಲ್ ಫೇಸ್.

ಮೂರು_ಪಿನ್

ಅಂದುಕೊಂಡ ಹಾಗೇ ಆಯ್ತು. ದಿನಕ್ಕೆ 65 ಕಿ.ಮೀ., ಊರೂರ ಮಧ್ಯೆ ಸಾವಕಾಶ ಓಡಿಸಿ ಯೂನಿಟ್‌ಗೆ 8 ಕಿ.ಮೀ. ಬಂತು ಅಂದುಕೊಳ್ಳಿ, ಟಿಯಾಗೋ ಬ್ಯಾಟರಿಯಿಂದ 8.1 ಯೂನಿಟ್ ಹೋಗುತ್ತೆ. ಗೋಡೆಯಿಂದ ಬ್ಯಾಟರಿಗೆ ಹೋಗೋ ದಾರಿಯಲ್ಲಿ ಶೇ. 12ರಷ್ಟು ಬಿಸಿಯಾಗಿ ಕಳೆಯುತ್ತೆ, ಮೀಟರಿನಲ್ಲಿ ಓಡೋದು 9.2. 25 ದಿನಕ್ಕೆ 230. ಪಂಚ್‌ಗೆ ಯೂನಿಟ್‌ಗೆ 7 ಕಿ.ಮೀ. ಹಿಡಿದರೆ 264. ಮನೆಯ 90 ಸೇರಿಸಿ. 200 ದಾಟಿದ ತಿಂಗಳು ಗೃಹಜ್ಯೋತಿಯಲ್ಲಿ ಹೆಚ್ಚುವರಿಗೆ ಮಾತ್ರ ದುಡ್ಡಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಕಾರಿನ ಕರೆಂಟ್ ಖರ್ಚಿನ ಜೊತೆಗೆ ಈವರೆಗೆ ಪುಕ್ಕಟೆ ಇದ್ದ 90 ಯೂನಿಟ್ಟೂ ಕೈಬಿಟ್ಟು ಹೋಗುತ್ತೆ. ಷೋರೂಮಿನವರ ‘ಕಿಲೋಮೀಟರಿಗೆ ಒಂದು ರೂಪಾಯಿ’ ಲೆಕ್ಕದಲ್ಲಿ ಇದು ಬರಲ್ಲ.

ದಾರಿ ಇದೆ. ಇವಿ ಚಾರ್ಜಿಂಗ್‌ಗೆ ಅಂತಲೇ ಬೇರೆ ಮೀಟರ್ ಕೊಡ್ತಾರೆ, ಅದರ ದರದ ವರ್ಗವೇ ಬೇರೆ. ಹಾಸನ ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ವ್ಯಾಪ್ತಿ, ಸೆಕ್ಷನ್ ಆಫೀಸಿಗೆ ಹೋಗಿ ಲೈಸೆನ್ಸ್ ಇರೋ ಗುತ್ತಿಗೆದಾರರ ಮೂಲಕ ಅರ್ಜಿ ಹಾಕಿ. ಗಾಡಿ ಮನೆಗೆ ಬರೋ ಮುಂಚೆ ಹಾಕಿ.

ವೈರಿಂಗ್: ಹೊರಗಿರೋ ಹಳೇ 16 ಆಂಪ್ ಪಾಯಿಂಟಿಗೆ ಚುಚ್ಚಬೇಡಿ. ಅದರ ಹಿಂದೆ ಗೀಸರೋ ಪಂಪೋ ಇದ್ದೇ ಇರುತ್ತೆ. ಡಿಬಿಯಿಂದ (ಮನೆಯ ಮೇನ್ ಸ್ವಿಚ್ ಪೆಟ್ಟಿಗೆ) ಕಾರಿಗೆಂದೇ ಒಂದು ಲೈನ್ ಎಳೆಸಿ. 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪ್ ಸಿ-ಕರ್ವ್ ಎಂಸಿಬಿ (ಲೋಡ್ ಮೀರಿದರೆ ಬೀಳೋ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳೋ ಸ್ವಿಚ್), ಒಳ್ಳೇ ಕಂಪನಿಯ 16 ಆಂಪ್ ಸಾಕೆಟ್. ಗೀಸರ್ ಕಾಲು ಗಂಟೆ ಓಡುತ್ತೆ, ಕಾರು ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತೆ. ಸಾಕೆಟ್ಟಿನ ಪಿನ್ ಸಡಿಲ ಇದ್ದರೆ ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತೆ. ಮೊದಲ ವಾರ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡೋಕಾಗದಷ್ಟು ಇದ್ದರೆ ನಿಲ್ಲಿಸಿ ಸಾಕೆಟ್ ಬದಲಾಯಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗೋದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅರ್ಥಿಂಗ್. ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್–ಅರ್ಥ್ ನಡುವೆ ನೋಡಿ, 3 ವೋಲ್ಟ್ ಒಳಗಿರಬೇಕು. ಚಾರ್ಜ್ ಆಗುವಾಗಲೂ ನೋಡಿ, ಲೋಡ್ ಬಂದಾಗ ಜೋರಾಗಿ ಏರಿದರೆ ನ್ಯೂಟ್ರಲ್ ಜಾಯಿಂಟ್ ಸಡಿಲ ಇರಬಹುದು. ಬೇಸಗೆಯಲ್ಲಿ ಅರ್ಥ್ ಗುಂಡಿ ಒಣಗಿದಾಗಲೂ ಇದೇ ಗೋಳು. ಗುಂಡಿಗೆ ಎರಡು ಬಿಂದಿಗೆ ನೀರು ಹೊಯ್ದರೆ ಆ ದಿನಕ್ಕೆ ಸರಿಹೋಗುತ್ತೆ, ಶಾಶ್ವತಕ್ಕೆ ಹೊಸ ರಾಡ್ ಇಳಿಸಿ.

7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ನಿಮಗೆ ಬೇಕಿಲ್ಲ. ಅದಕ್ಕೆ 6 ಚದರ ಮಿ.ಮೀ. ವೈರು, 40 ಆಂಪ್ ಎಂಸಿಬಿ, ಲೋಡ್ ಏರಿಸೋ ಖರ್ಚು. ದಿನಕ್ಕೆ 9 ಯೂನಿಟ್ ತುಂಬೋಕೆ ಮೂರು ಪಿನ್ನಿನಲ್ಲಿ ನಾಲ್ಕು ಗಂಟೆ ಸಾಕು, ರಾತ್ರಿ ಪೂರ್ತಿ ಇದೆಯಲ್ಲ.

ಘಾಟ್_ರಸ್ತೆ

ಮೇಲಿನ ಯೂನಿಟ್ ಲೆಕ್ಕ ಸರಿ, ಆದರೆ ನಾಲ್ಕು ಜನ ಕೂರೋ ಗಾಡಿನ ಬರೀ ಯೂನಿಟ್ಟಿನಲ್ಲಿ ಅಳೆಯೋದು ನನಗೆ ಒಪ್ಪಿಗೆ ಇಲ್ಲ. ಪಂಚ್ ಇವಿಗೆ ಭಾರತ್ ಎನ್‌ಕ್ಯಾಪ್ (ಕಾರುಗಳ ಅಪಘಾತ ಸುರಕ್ಷತಾ ಪರೀಕ್ಷೆ) 2024ರಲ್ಲಿ 5 ಸ್ಟಾರ್ ಕೊಟ್ಟಿದೆ, ದೊಡ್ಡವರ ರಕ್ಷಣೆಯಲ್ಲಿ 32ಕ್ಕೆ 31.46. ಆರು ಏರ್‌ಬ್ಯಾಗ್, ಇಎಸ್‌ಸಿ (ಗಾಡಿ ಅಡ್ಡ ಜಾರದಂತೆ ತಡೆಯೋ ವ್ಯವಸ್ಥೆ) ಎಲ್ಲ ವೇರಿಯಂಟಿನಲ್ಲೂ ಇದೆ. ನೀವು ನೋಡಿರೋ 2024ರ ಟಿಯಾಗೋದಲ್ಲಿ ಮುಂದೆ ಎರಡೇ ಏರ್‌ಬ್ಯಾಗ್. ಹಾಸನ–ಬೆಂಗಳೂರು ನಾಲ್ಕು ಪಥದಲ್ಲಿ ಎದುರಿಂದ ರಾಂಗ್ ಸೈಡಲ್ಲಿ ಟ್ರ್ಯಾಕ್ಟರ್ ಬರೋ ದೇಶ ಇದು.

ನೆಲದಿಂದ ಎತ್ತರ ಪಂಚ್‌ಗೆ 190 ಮಿ.ಮೀ., ಟಿಯಾಗೋಗೆ 166. ನಾಲ್ಕು ಜನ ಕೂತು ಸಾಮಾನು ತುಂಬಿದರೆ ಹಿಂಭಾಗ ಇನ್ನೂ ತಗ್ಗುತ್ತೆ, ಶಿರಾಡಿಯ ಮಳೆಗಾಲದ ಗುಂಡಿಗೆ ಟಿಯಾಗೋದ ಹೊಟ್ಟೆ ತಾಗೋದು ಸಹಜ. ಹೊಟ್ಟೆಯಲ್ಲಿರೋದು ಸೈಲೆನ್ಸರ್ ಅಲ್ಲ, ಬ್ಯಾಟರಿ. ಡಿಕ್ಕಿ ಟಿಯಾಗೋದು 240 ಲೀಟರ್, ಪಂಚ್‌ದು 366. ಎರಡು ದೊಡ್ಡ ಬ್ಯಾಗು, ಒಂದು ಗೋಣಿ ತೆಂಗಿನಕಾಯಿ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತೆ.

ಘಾಟಿಯ ಲೆಕ್ಕ: ಬುಡದಲ್ಲಿರೋ ಗುಂಡ್ಯದಿಂದ ಸಕಲೇಶಪುರಕ್ಕೆ ಏರು ಸುಮಾರು 800 ಮೀಟರ್. ಜನ, ಸಾಮಾನು ಸೇರಿ 1400 ಕೆ.ಜಿ. ಹಿಡಿದರೆ, ಬರೀ ಎತ್ತರಕ್ಕೆ ಏರಿಸೋಕೆ 3 ಯೂನಿಟ್, ಮೋಟಾರಿನ ನಷ್ಟ ಸೇರಿ ಮೂರೂವರೆ. 24ರ ಪ್ಯಾಕಿನಲ್ಲಿ ಶೇ. 15. ಮಾಮೂಲಿ ಓಟದ ಖರ್ಚು ಬೇರೆ. ಆದ್ದರಿಂದ ವಾಪಸ್ ಬರುವಾಗ ಗುಂಡ್ಯದಲ್ಲಿ ಶೇ. 50ಕ್ಕಿಂತ ಕಡಿಮೆ ಇಟ್ಟುಕೊಂಡು ಘಾಟಿ ಹತ್ತಬೇಡಿ. ಇಳಿಯುವಾಗ ರೀಜನ್ (ಮೋಟಾರೇ ಗಾಡಿ ತಡೆದು ಬ್ಯಾಟರಿ ತುಂಬಿಸೋದು) 3ರಲ್ಲಿ ಇಡಿ, ಒಂದಷ್ಟು ವಾಪಸ್ ಬರುತ್ತೆ, ಬ್ರೇಕ್ ಪ್ಯಾಡೂ ಉಳಿಯುತ್ತೆ. ಒಂದೇ ಎಚ್ಚರ: ಸಕಲೇಶಪುರದಲ್ಲಿ ತಂಗಿ ಶೇ. 100 ತುಂಬಿಸಿಕೊಂಡು ಇಳಿಯೋಕೆ ಹೊರಟರೆ ಬ್ಯಾಟರಿಯಲ್ಲಿ ಜಾಗ ಇರಲ್ಲ, ರೀಜನ್ ಹಿಡಿಯಲ್ಲ, ಪೂರ್ತಿ ಭಾರ ಕಾಲಿನ ಬ್ರೇಕಿಗೆ ಬೀಳುತ್ತೆ. ಅಲ್ಲಿ ಶೇ. 85ಕ್ಕೆ ನಿಲ್ಲಿಸಿ.

ಯೂನಿಟ್_ಲೆಕ್ಕ

ಏರ್‌ಬ್ಯಾಗಿನ ಮಾತು ಒಪ್ಪಿದೆ. ಹಾಗಂತ 25ಕ್ಕೆ ಒಂದೂಮುಕ್ಕಾಲು ಲಕ್ಷ ಸುರಿಯೋ ಬದಲು ಇನ್ನೆರಡು ತಿಂಗಳು ಕಾದು 35ರದ್ದು ಹುಡುಕಲಿ ಅನ್ನೋದು ನನ್ನ ವಾದ. ಅದೇ ಏರ್‌ಬ್ಯಾಗ್ ಅದರಲ್ಲೂ ಇದೆ.

ಜಾಕಿ_ಮತ್ತು_ಲಿಫ್ಟ್

ಯಾವುದೇ ತಗೊಳ್ಳಿ, ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ನೋಡಿ.

ಡ್ಯಾಷ್‌ಬೋರ್ಡಿನ ‘ಉಳಿದ ಕಿ.ಮೀ.’ ನಂಬಬೇಡಿ, ಅದು ಹಿಂದಿನ ಓಟದ ಮೇಲೆ ಊಹೆ. ಮಾರೋರಿಗೆ ಹಿಂದಿನ ರಾತ್ರಿ ನಿಧಾನ ಚಾರ್ಜರಿನಲ್ಲಿ ಶೇ. 100 ಮಾಡಿಡೋಕೆ ಹೇಳಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಏಸಿ ಹಾಕಿ, ಹೈವೇಯಲ್ಲಿ 70–75ರಲ್ಲಿ ಶೇ. 50ಕ್ಕೆ ಇಳಿಯೋವರೆಗೆ ಓಡಿಸಿ. ಟಿಯಾಗೋ 24 ಅರ್ಧ ಬ್ಯಾಟರಿಯಲ್ಲಿ 95 ಕಿ.ಮೀ. ಹತ್ತಿರ ಕೊಡಬೇಕು, ಪಂಚ್ 25 ಸುಮಾರು 85. 70ಕ್ಕೆ ಮುಗಿದರೆ ಎದ್ದು ಬನ್ನಿ. ಹತ್ತು ಕಿ.ಮೀ. ರೌಂಡ್ ಹೊಡೆದು ‘ಸ್ಮೂತಾಗಿದೆ’ ಅನ್ನೋದರಿಂದ ಏನೂ ತಿಳಿಯಲ್ಲ, ಇವಿ ಎಲ್ಲವೂ ಸ್ಮೂತೇ.

ಇವುಗಳಲ್ಲಿರೋದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್. ಅದರ ವೋಲ್ಟೇಜು ಶೇ. 90ರಿಂದ 20ರವರೆಗೆ ಹೆಚ್ಚುಕಡಿಮೆ ಸಮತಟ್ಟು, ಹಾಗಾಗಿ ಬಿಎಂಎಸ್‌ಗೆ (ಬ್ಯಾಟರಿ ನೋಡಿಕೊಳ್ಳೋ ಎಲೆಕ್ಟ್ರಾನಿಕ್ಸ್) ಶೇಕಡಾವಾರು ಅಳೆಯೋದು ಕಷ್ಟ. ಯಾವಾಗಲೂ 40–80ರ ಮಧ್ಯೆ ಓಡಿಸಿದ ಗಾಡಿ ಶೇ. 15 ತೋರಿಸುತ್ತಾ ಇದ್ದಕ್ಕಿದ್ದಂತೆ 4ಕ್ಕೆ ಬೀಳೋದು ಇದರಿಂದಲೇ. ವಾರಕ್ಕೊಮ್ಮೆ ನಿಧಾನ ಚಾರ್ಜರಿನಲ್ಲಿ ಪೂರ್ತಿ 100, ತಿಂಗಳಿಗೊಮ್ಮೆ ಶೇ. 15ರ ಒಳಗೆ ಇಳಿಸಿ ಅಲ್ಲಿಂದ 100. ಫುಲ್ ಆದ ಮೇಲೂ ಪ್ಲಗ್ ಒಂದಷ್ಟು ಹೊತ್ತು ಹಾಗೇ ಬಿಡಿ, ಸೆಲ್‌ಗಳು ಸಮ ಆಗೋದು ಆ ಕೊನೆಯ ಹೊತ್ತಿನಲ್ಲೇ.

ಲಿಫ್ಟಿಗೆ ಏರಿಸಿ ಬ್ಯಾಟರಿಯ ತಳ ನೋಡಿ. ಗೀರು ಪರವಾಗಿಲ್ಲ, ತಗ್ಗು ಬಿದ್ದಿದ್ದರೆ ವಾರಂಟಿಯಲ್ಲಿ ತಕರಾರು ಬರುತ್ತೆ. ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ. ಅದು ನಿಮ್ಮ ಹೆಸರಿಗೆ ಮುಂದುವರಿಯುತ್ತೆ ಅನ್ನೋದನ್ನ ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ತಗೊಳ್ಳಿ. ಸರ್ವಿಸ್ ತಪ್ಪಿಸಿದ್ದರೆ ಅಲ್ಲೇ ಗೊತ್ತಾಗುತ್ತೆ.

12 ವೋಲ್ಟಿನ ಚಿಕ್ಕ ಬ್ಯಾಟರಿ ಮರೀಬೇಡಿ. ದೊಡ್ಡ ಬ್ಯಾಟರಿ ಶೇ. 90 ಇದ್ದರೂ ಇದು ಸತ್ತರೆ ಕಾಂಟ್ಯಾಕ್ಟರ್ (ದೊಡ್ಡ ಬ್ಯಾಟರಿಯನ್ನ ಗಾಡಿಗೆ ಜೋಡಿಸೋ ಸ್ವಿಚ್) ಕೂರಲ್ಲ, ಗಾಡಿ ಅಲುಗಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅಳೆದಾಗ 12.4ಕ್ಕಿಂತ ಕಡಿಮೆ ಇದ್ದರೆ ಹೊಸದರ ದುಡ್ಡು ಬೆಲೆಯಲ್ಲಿ ಹಿಡಿದುಕೊಳ್ಳಿ.

ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಇರುತ್ತೆ. ಅದರ ದ್ರವದ ಬಾಟಲಿಗೆ ಅವಧಿ ಇದೆ, ತಾರೀಖು ನೋಡಿ. ಟೈರಿನ ಪಕ್ಕ ಸೀಳಿದರೆ ಆ ಕಿಟ್ ಉಪಯೋಗಕ್ಕಿಲ್ಲ. ಟಿಯಾಗೋದ 175/65 ಆರ್14 ಯಾವ ಊರಿನ ಟೈರ್ ಅಂಗಡಿಯಲ್ಲೂ ಸಿಗುತ್ತೆ, ಅದೊಂದು ಸಮಾಧಾನ.

ಹೇಮಾವತಿ_ದಂಡೆ

ಎಲ್ಲರಿಗೂ ಧನ್ಯವಾದ. ಪಂಚ್ 25 ಕೈಬಿಟ್ಟೆ. ಭಾನುವಾರ ಟಿಯಾಗೋನ ಚನ್ನರಾಯಪಟ್ಟಣದ ಆಚೆವರೆಗೆ ಓಡಿಸಿ ನೋಡ್ತೇನೆ, ಜೊತೆಗೇ ಪಂಚ್ 35 ಎಲ್ಲಾದರೂ ಇದೆಯಾ ಅಂತ ವಿಚಾರಿಸ್ತೇನೆ. ಇನ್ನೊಂದು: ಟಿಯಾಗೋದವರು ಚಾರ್ಜಿಂಗ್ ಕೇಬಲ್ ‘ಊರಲ್ಲಿದೆ, ಆಮೇಲೆ ಕಳಿಸ್ತೀವಿ’ ಅಂತಿದ್ದಾರೆ.

ಮೂರು_ಪಿನ್

ಕೇಬಲ್ ಕೈಗೆ ಬಂದು, ಅದರಲ್ಲೇ ಅರ್ಧ ಗಂಟೆ ಚಾರ್ಜ್ ಆಗೋದನ್ನ ನೋಡೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹೊಸದಕ್ಕೆ ಸರ್ವಿಸ್ ಸೆಂಟರಿನಲ್ಲಿ ಬೆಲೆ ಕೇಳಿ, ಅಷ್ಟನ್ನ ಹಿಡಿದಿಟ್ಟುಕೊಳ್ಳಿ. ಬಾಗಿದ ಪಿನ್, ಕಪ್ಪಾದ ಪ್ಲಗ್ ಇದ್ದರೆ ಅದು ಊರಲ್ಲೇ ಇರಲಿ.