ಹೋಲಿಕೆ ಸರಿಯಿದ್ದರೂ ಭಾವಚಿತ್ರದಲ್ಲಿ ಅಜ್ಜ ಕಾಣಿಸುತ್ತಿಲ್ಲವೇಕೆ?

ತೋಟದಮನೆ, ತೀರ್ಥಹಳ್ಳಿ:
ನಮ್ಮ ಮನೆಯ ಜಗಲಿಯಲ್ಲಿ ಅಜ್ಜನ ತೈಲವರ್ಣದ ಭಾವಚಿತ್ರವೊಂದಿದೆ. ಅವರು ತೀರಿಕೊಂಡ ಮೇಲೆ ಹಳೆಯ ಸ್ಟುಡಿಯೋ ಫೋಟೋ ಕೊಟ್ಟು ಬರೆಸಿದ್ದು. ಹಣೆ, ಮೂಗು, ಕಿವಿಯ ಒಂಟಿ ಎಲ್ಲವೂ ಇದ್ದಂತೆಯೇ ಇವೆ. ಆದರೂ ಅಜ್ಜಿ ಅದರ ಮುಂದೆ ನಿಂತಾಗಲೆಲ್ಲ, "ಇದು ನಿನ್ನಜ್ಜ ಅಲ್ಲ ಮಾರಾಯ, ಅವರ ಹಾಗೆ ಕಾಣುವ ಯಾರೋ" ಎನ್ನುತ್ತಾರೆ. ಹೋಲಿಕೆ ತಪ್ಪದೆಯೂ ಸ್ವಭಾವ ತಪ್ಪಿಹೋಗುವುದು ಹೇಗೆ?

ಡ್ರಾಯಿಂಗ್ ಮಾಸ್ತರು, ಶಿವಮೊಗ್ಗ:
"ಅಲ್ಲಾಡಬೇಡಿ" ಎಂದೊಡನೆ ಉಸಿರು ಬಿಗಿಹಿಡಿದು ಕುಳಿತ ಮುಖವನ್ನು ಫೋಟೋದಲ್ಲಿ ನೋಡಿ ಬರೆದರೆ ಚಿತ್ರಕ್ಕೂ ಅದೇ ಬಿಗಿ ಬರುತ್ತದೆ. ಮನಸ್ಸಿನ ಭಾವ ಮುಖ್ಯವಾಗಿ ಕಣ್ಣಿನ ಮತ್ತು ತುಟಿಯ ಅಂಚುಗಳಲ್ಲಿರುತ್ತದೆ. ಲಿಯೊನಾರ್ಡೊ ಮೊನಾಲಿಸಾಳ ಮುಖದಲ್ಲಿ ಆ ಅಂಚುಗಳಿಗೆ ಗೆರೆ ಎಳೆಯದೆ ನೆರಳಿನಲ್ಲಿ ಕರಗಿಸಿಬಿಟ್ಟಿದ್ದರಿಂದಲೇ ಅವಳು ನಗುತ್ತಿದ್ದಾಳೆಯೇ ಇಲ್ಲವೇ ಎಂಬ ಮಾತು ಇನ್ನೂ ಮುಗಿದಿಲ್ಲ. ಕೈಗಳನ್ನೂ ಗಮನಿಸಬೇಕು. ಡಚ್ ಚಿತ್ರಕಾರ ರೆಂಬ್ರಾಂಟ್ 1669ರಲ್ಲಿ, ತನ್ನ 63ನೆಯ ವಯಸ್ಸಿನಲ್ಲಿ ಬರೆದುಕೊಂಡ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ತನ್ನದೇ ಭಾವಚಿತ್ರದಲ್ಲಿ ಮೊದಲು ಕೈಯಲ್ಲಿ ಕುಂಚವಿತ್ತೆಂದು ಎಕ್ಸ್-ರೇ ತೋರಿಸಿದೆ. ಆಮೇಲೆ ಅದನ್ನು ಅಳಿಸಿ ಎರಡೂ ಕೈಗಳನ್ನು ಸುಮ್ಮನೆ ಜೋಡಿಸಿದ. ಕೆಲಸದಲ್ಲಿದ್ದ ಚಿತ್ರಕಾರನ ಜಾಗದಲ್ಲಿ, ಅಷ್ಟರಿಂದಲೇ, ಕುಳಿತು ನೋಡುತ್ತಿರುವ ಮುದುಕ ಬಂದ.

ಹೊಳೆಬದಿ, ಸಾಗರ:
ಮಾಸ್ತರ ಮಾತಿನಲ್ಲಿ ಫೋಟೋದ ಬಗೆಗಿನ ಆಕ್ಷೇಪವನ್ನು ನಾನು ಪೂರ್ತಿ ಒಪ್ಪಲಾರೆ. ನಮ್ಮ ಕಡೆ ಹಿರಿಯರ ಚಿತ್ರ ಬರೆಯುವವರು ಗೌರವದ ಹೆಸರಿನಲ್ಲಿ ಮುಖವನ್ನು ತಿದ್ದುತ್ತಾರೆ, ಕೆಡುವುದು ಅಲ್ಲಿ. ಯಾರ ಮುಖದ ಎಡಬಲಗಳೂ ಒಂದೇ ಸಮ ಇರುವುದಿಲ್ಲ. ಜೋತ ರೆಪ್ಪೆಯನ್ನು ಎತ್ತಿ, ಸೊಟ್ಟ ತುಟಿಯನ್ನು ನೇರ ಮಾಡಿದರೆ ಉಳಿಯುವುದು ಕ್ಯಾಲೆಂಡರಿನ ಮುಖ. ಫೋಟೋವನ್ನೂ ಚಿತ್ರವನ್ನೂ ಒಟ್ಟಿಗೆ ಇಟ್ಟು ನೋಡಿ.

ತೋಟದಮನೆ, ತೀರ್ಥಹಳ್ಳಿ:
ನೋಡಿದೆ. ಫೋಟೋದಲ್ಲಿ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿದೆ, ಚಿತ್ರದಲ್ಲಿ ಎರಡೂ ಸಮ. ಅಜ್ಜಿಯನ್ನು ಕೇಳಿದ್ದಕ್ಕೆ, "ಕೆನ್ನೆಯಲ್ಲಿ ಎಲೆಯಡಿಕೆಯ ಕವಳ ಇಲ್ಲದೆ ಅವರನ್ನು ಕಂಡದ್ದೇ ಕಡಿಮೆ, ಇದರಲ್ಲಿ ಬಾಯಿ ತೊಳೆಸಿ ಕೂರಿಸಿದ್ದಾರೆ" ಎಂದರು. ಅದೇ ಚಿತ್ರವನ್ನು ತಿದ್ದಿಸಬಹುದೇ?

ಡ್ರಾಯಿಂಗ್ ಮಾಸ್ತರು, ಶಿವಮೊಗ್ಗ:
ರೆಪ್ಪೆಯ ವಿಷಯದಲ್ಲಿ ಸಾಗರದವರು ಹೇಳಿದ್ದೇ ಸರಿ. ಹಳೆಯ ಚಿತ್ರಕ್ಕೆ ಕೈ ಹಚ್ಚಿಸಬೇಡಿ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಪೆನ್ಸಿಲಿನಲ್ಲಿ ಹೊಸದೊಂದನ್ನು ಬರೆಸಿ. ಕವಳದ ಕೆನ್ನೆ ಎಷ್ಟು ಉಬ್ಬಬೇಕೆಂದು ಅವರೇ ಹೇಳಲಿ.