ಎರಡೂ ಕೋಡ್ ಸರಿ ಇವೆ, ಟೈಮ್ ಲಿಮಿಟ್ ಒಳಗೆ ಮುಗಿಯುವುದು ಯಾವುದು ಅಂತ ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ (ಇಂಜಿನಿಯರಿಂಗ್ ಎರಡನೇ ವರ್ಷ, ದಾವಣಗೆರೆ):
ಮೇಡಂ, ನಮ್ಮದು ಮೂರು ಜನರ ಟೀಮ್. ಐಸಿಪಿಸಿಗೆ (ಕಾಲೇಜು ವಿದ್ಯಾರ್ಥಿಗಳ ಪ್ರೋಗ್ರಾಮಿಂಗ್ ಸ್ಪರ್ಧೆ) ತಯಾರಿ ಮಾಡುತ್ತಿದ್ದೇವೆ. ಮೊನ್ನೆ ಇನ್ವರ್ಷನ್ ಎಣಿಸುವ ಪ್ರಾಬ್ಲಮ್ ತೆಗೆದುಕೊಂಡೆವು. ಒಂದು ಸಾಲಿನಲ್ಲಿ 2 ಲಕ್ಷದವರೆಗೆ ಸಂಖ್ಯೆಗಳಿರುತ್ತವೆ. ಎಡಗಡೆ ದೊಡ್ಡದು, ಬಲಗಡೆ ಚಿಕ್ಕದು ಇರುವ ಜೋಡಿಗಳು ಎಷ್ಟು ಅಂತ ಹೇಳಬೇಕು. ಟೈಮ್ ಲಿಮಿಟ್ 2 ಸೆಕೆಂಡ್. ನಾನು ಎರಡು ಲೂಪ್ ಹಾಕಿ ಬರೆದೆ. ಗೆಳೆಯ ಮರ್ಜ್ ಸಾರ್ಟ್ ಬಳಸಿದ. ಲ್ಯಾಪ್‌ಟಾಪ್‌ನಲ್ಲಿ 1000 ಸಂಖ್ಯೆ ಕೊಟ್ಟು ನೋಡಿದರೆ ಎರಡೂ ತಕ್ಷಣ ಮುಗಿದವು. ಸಬ್ಮಿಟ್ ಮಾಡಿದರೆ ನನ್ನದಕ್ಕೆ ಟಿಎಲ್ಇ (ಟೈಮ್ ಲಿಮಿಟ್ ಮೀರಿದೆ ಅಂತ), ಅವನದು ಪಾಸ್. ಇದು ಮೊದಲೇ ಗೊತ್ತಾಗುವ ದಾರಿ ಇದೆಯಾ?

ಉತ್ತರ (ಸಾಫ್ಟ್‌ವೇರ್ ಇಂಜಿನಿಯರ್, ಸ್ಪರ್ಧೆಗಳಿಗೆ ಪ್ರಶ್ನೆ ತಯಾರಿಸುವವರು):
ಇದೆ. ಕೀಬೋರ್ಡ್ ಮುಟ್ಟುವ ಮೊದಲೇ ಗೊತ್ತಾಗುತ್ತದೆ. ಪೆನ್ನು, ಹಾಳೆ ಸಾಕು.

ನಿಮ್ಮ ಎರಡು ಲೂಪ್ ಪ್ರತಿ ಜೋಡಿಯನ್ನೂ ನೋಡುತ್ತದೆ. 2 ಲಕ್ಷವನ್ನು 2 ಲಕ್ಷದಿಂದ ಗುಣಿಸಿ ಅರ್ಧ ಮಾಡಿ. ಹತ್ತಿರ ಹತ್ತಿರ 2000 ಕೋಟಿ ಹೋಲಿಕೆಗಳು. ಸಿ++ ನಲ್ಲಿ ಸೆಕೆಂಡಿಗೆ 10 ಕೋಟಿ ಸರಳ ಹೆಜ್ಜೆ ಅಂತ ಹಿಡಿಯುವುದು ರೂಢಿ. ಆ ಲೆಕ್ಕದಲ್ಲಿ ನಿಮಗೆ 200 ಸೆಕೆಂಡ್ ಬೇಕು. ಲೂಪ್ ತುಂಬಾ ಸರಳವಾಗಿದ್ದರೆ ಕಂಪೈಲರ್ ಅದನ್ನು ಕೆಲವು ಪಟ್ಟು ವೇಗ ಮಾಡಿಕೊಡಬಹುದು, ಆದರೆ ಅದನ್ನು ನಂಬಿಕೊಂಡು ಸಬ್ಮಿಟ್ ಮಾಡಬೇಡಿ. ಗೆಳೆಯನ ಮರ್ಜ್ ಸಾರ್ಟ್ ಸಾಲನ್ನು ಅರ್ಧ ಅರ್ಧ ಮಾಡುತ್ತಾ ಹೋಗುತ್ತದೆ. 2 ಲಕ್ಷವನ್ನು ಸುಮಾರು 18 ಸಲ ಅರ್ಧ ಮಾಡಿದರೆ ಒಂದಕ್ಕೆ ಬರುತ್ತದೆ. ಪ್ರತಿ ಹಂತದಲ್ಲೂ 2 ಲಕ್ಷ ಹೆಜ್ಜೆ. ಒಟ್ಟು 36 ಲಕ್ಷ. 2 ಸೆಕೆಂಡಿನಲ್ಲಿ ಆರಾಮಾಗಿ ಮುಗಿಯುತ್ತದೆ.

1000 ಸಂಖ್ಯೆಗೆ ಯಾಕೆ ವ್ಯತ್ಯಾಸ ಕಾಣಲಿಲ್ಲ? ನಿಮ್ಮದು 5 ಲಕ್ಷ ಹೋಲಿಕೆ, ಅವನದು 10 ಸಾವಿರ ಹೆಜ್ಜೆ. 50 ಪಟ್ಟು ವ್ಯತ್ಯಾಸ ಅಲ್ಲೂ ಇತ್ತು. ಆದರೆ ಎರಡೂ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯುವುದರಿಂದ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಹಾಗಾಗಿ ಪ್ರಶ್ನೆ ಓದುವಾಗ ಎನ್, ಅಂದರೆ ಇನ್‌ಪುಟ್ ಗಾತ್ರ, ಎಷ್ಟರವರೆಗೆ ಹೋಗಬಹುದು ಅನ್ನುವ ಸಾಲನ್ನು ಮೊದಲು ನೋಡಿ. ನಾವು ಪ್ರಶ್ನೆ ಮಾಡುವಾಗ ಆ ಮಿತಿಯನ್ನು ಸುಮ್ನೆ ಹಾಕುವುದಿಲ್ಲ. ಯಾವ ವಿಧಾನ ಪಾಸ್ ಆಗಬೇಕು, ಯಾವುದು ಆಗಬಾರದು ಅಂತ ಯೋಚಿಸಿಯೇ ಇಡುತ್ತೇವೆ. ಎನ್ 20 ಇದ್ದರೆ ಎಲ್ಲ ಉಪಗಣಗಳನ್ನೂ ನೋಡಿ ಅಂತ ಅರ್ಥ, ಅವು ಸುಮಾರು 10 ಲಕ್ಷ ಆಗುತ್ತವೆ. 500 ಇದ್ದರೆ ಮೂರು ಲೂಪ್ ನಡೆಯುತ್ತದೆ, 12.5 ಕೋಟಿ. 5000 ಇದ್ದರೆ ಎರಡು ಲೂಪ್ ಸಾಕು. 2 ಲಕ್ಷ ಅಂತ ಕಂಡರೆ ಮರ್ಜ್ ಸಾರ್ಟ್ ತರಹ ಎನ್ ಲಾಗ್ ಎನ್ (ಎನ್ ಅನ್ನು ಅರ್ಧ ಮಾಡುವ ಸಲಗಳಿಂದ ಗುಣಿಸಿದಷ್ಟು) ಹೆಜ್ಜೆಯ ವಿಧಾನ ಹುಡುಕಿ. ಒಂದರ ಮುಂದೆ 18 ಸೊನ್ನೆ ಇದ್ದರೆ ಲೂಪ್ ಮರೆತುಬಿಡಿ. ಸೂತ್ರವೋ, ಅರ್ಧ ಅರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚೋ, ಬೇರೆ ಏನಾದರೂ ಬೇಕು.

ಐಸಿಪಿಸಿಯಲ್ಲಂತೂ ಈ ಲೆಕ್ಕಕ್ಕೆ ಬೆಲೆ ಜಾಸ್ತಿ. 5 ಗಂಟೆ, ಮೂರು ಜನ, ಒಂದೇ ಕಂಪ್ಯೂಟರ್. ಕೊನೆಗೆ ಪಾಸ್ ಆದ ಪ್ರಾಬ್ಲಮ್‌ಗೆ ಅದಕ್ಕೂ ಮುಂಚಿನ ಪ್ರತಿ ತಪ್ಪು ಸಬ್ಮಿಶನ್ 20 ನಿಮಿಷದ ದಂಡ ತರುತ್ತದೆ, ಟಿಎಲ್ಇ ಕೂಡ ಸೇರಿ. ಒಬ್ಬರು ಟೈಪ್ ಮಾಡುತ್ತಿರುವಾಗ ಉಳಿದ ಇಬ್ಬರು ಹಾಳೆಯ ಮೇಲೆ ಇದೇ ಲೆಕ್ಕ ಮಾಡುತ್ತಿರಬೇಕು.

ಅದೇ ವಿದ್ಯಾರ್ಥಿ:
ಥ್ಯಾಂಕ್ಸ್ ಮೇಡಂ. ಕೆಲವೊಮ್ಮೆ ಲೂಪ್ ಒಳಗೆ ಲೂಪ್ ಇದ್ದರೂ ವೇಗವಾಗಿ ಓಡುತ್ತದೆ. ಕೆಲವೊಮ್ಮೆ ಲೈಬ್ರರಿ ಫಂಕ್ಷನ್ ಒಳಗೆ ಏನು ನಡೆಯುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಹೆಜ್ಜೆ ಎಣಿಸಲು ಬಾರದಿದ್ದರೆ ಏನು ಮಾಡುವುದು?

ಉತ್ತರ:
ಆಗ ಅಳೆಯಿರಿ. ಆದರೆ ಒಂದೇ ಅಳತೆಗೆ ಅರ್ಥವಿಲ್ಲ. ನಿಮ್ಮ ಲ್ಯಾಪ್‌ಟಾಪ್ ಬೇರೆ, ಜಡ್ಜ್ ಯಂತ್ರ ಬೇರೆ. ಇನ್‌ಪುಟ್ ದುಪ್ಪಟ್ಟು ಮಾಡುತ್ತಾ ಸಮಯ ಎಷ್ಟು ಪಟ್ಟು ಏರುತ್ತದೆ ಅಂತ ನೋಡಿ. 20 ಸಾವಿರ, 40 ಸಾವಿರ, 80 ಸಾವಿರ. ಪ್ರತಿ ಸಲ ಸುಮಾರು ಎರಡು ಪಟ್ಟು ಆದರೆ ಎನ್ ಅಥವಾ ಎನ್ ಲಾಗ್ ಎನ್. ನಾಲ್ಕು ಪಟ್ಟು ಆದರೆ ಎನ್ ವರ್ಗ. ಎಂಟು ಪಟ್ಟು ಆದರೆ ಎನ್ ಘನ. ಯಂತ್ರ ಯಾವುದಾದರೂ ಈ ಪಟ್ಟು ಹೆಚ್ಚು ಕಡಿಮೆ ಅದೇ ಇರುತ್ತದೆ.

ಇನ್ನೊಂದು ವಿಷಯ. ರ‍್ಯಾಂಡಮ್ ಸಂಖ್ಯೆ ಕೊಟ್ಟು ಅಳೆದು ಸಮಾಧಾನ ಪಡಬೇಡಿ. ಈಗಾಗಲೇ ಏರಿಕೆ ಕ್ರಮದಲ್ಲಿರುವುದು, ಪೂರ್ತಿ ಉಲ್ಟಾ ಇರುವುದು, ಎಲ್ಲ ಸಂಖ್ಯೆಗಳೂ ಒಂದೇ ಇರುವುದು, ಇವನ್ನೂ ಕೊಟ್ಟು ನೋಡಿ. ಮೊದಲ ಸಂಖ್ಯೆಯನ್ನೇ ಪಿವಟ್ (ಸಾಲನ್ನು ಎರಡು ಭಾಗ ಮಾಡುವ ಸಂಖ್ಯೆ) ಮಾಡುವ ಕ್ವಿಕ್‌ಸಾರ್ಟ್ ರ‍್ಯಾಂಡಮ್ ಸಾಲಿನಲ್ಲಿ ಚೆನ್ನಾಗಿ ಓಡುತ್ತದೆ, ಏರಿಕೆ ಕ್ರಮದ ಸಾಲು ಸಿಕ್ಕಿದರೆ ಎನ್ ವರ್ಗಕ್ಕೆ ಬೀಳುತ್ತದೆ. ಕೋಡ್‌ಫೋರ್ಸಸ್ ಅನ್ನುವ ಸ್ಪರ್ಧೆಗಳ ವೆಬ್‌ಸೈಟ್‌ನಲ್ಲಿ ಬೇರೆಯವರ ಕೋಡ್ ಬೀಳಿಸುವ ಟೆಸ್ಟ್ ಕೊಡಲು ಹ್ಯಾಕ್ ಅನ್ನುವ ವ್ಯವಸ್ಥೆಯೇ ಇದೆ. ಕೀಗಳನ್ನು ಬಕೆಟ್‌ಗಳಲ್ಲಿ ಹಂಚಿಡುವ ಸಿ++ ನ ಅನ್‌ಆರ್ಡರ್ಡ್ ಮ್ಯಾಪ್ ಕೂಡ ಅಲ್ಲಿ ಹೀಗೆ ಬಿದ್ದಿದೆ. ಎಲ್ಲ ಕೀಗಳೂ ಒಂದೇ ಬಕೆಟ್‌ಗೆ ಬೀಳುವಂತೆ ಸಂಖ್ಯೆಗಳನ್ನು ಆರಿಸಿ ಕೊಡುತ್ತಾರೆ.

ಇನ್ನೊಬ್ಬ ಸದಸ್ಯ (ಮೈಸೂರು):
ಮೇಡಂ, ಇದೇ ಪ್ರಾಬ್ಲಮ್ ನಾನು ಎರಡು ತರಹ ಮಾಡಿದೆ. ಒಂದು ಫೆನ್ವಿಕ್ ಟ್ರೀ, ಇನ್ನೊಂದು ಬ್ಯಾಲೆನ್ಸ್ಡ್ ಟ್ರೀ, ಎರಡೂ ಚಿಕ್ಕವು ಎಷ್ಟಿವೆ ಅಂತ ಬೇಗ ಎಣಿಸಲು ಬಳಸುವ ರಚನೆಗಳು. ಎರಡೂ ಎನ್ ಲಾಗ್ ಎನ್. ಆದರೆ ಬ್ಯಾಲೆನ್ಸ್ಡ್ ಟ್ರೀ ಕೆಲವು ಪಟ್ಟು ನಿಧಾನ. ಹಾಗಾದರೆ ಬಿಗ್ ಓ ನೋಡಿ ಏನು ಪ್ರಯೋಜನ?

ಉತ್ತರ:
ಪ್ರಯೋಜನ ಇದೆ. ಇನ್‌ಪುಟ್ ಬೆಳೆದಂತೆ ಸಮಯ ಹೇಗೆ ಬೆಳೆಯುತ್ತದೆ ಅಂತ ಬಿಗ್ ಓ ಹೇಳುತ್ತದೆ. ಒಂದೊಂದು ಹೆಜ್ಜೆ ಎಷ್ಟು ದುಬಾರಿ ಅಂತ ಅದು ಹೇಳುವುದಿಲ್ಲ. ಅದನ್ನು ಬೇರೆಯಾಗಿ ನೋಡಬೇಕು.

ಪೀಟರ್ ಫೆನ್ವಿಕ್ 1994ರಲ್ಲಿ ಪ್ರಕಟಿಸಿದ ಫೆನ್ವಿಕ್ ಟ್ರೀ ನನಗೆ ತುಂಬಾ ಇಷ್ಟ. ಟ್ರೀ ಅಂತ ಹೆಸರು, ಆದರೆ ಮೆಮೊರಿಯಲ್ಲಿ ಇರುವುದು ಒಂದೇ ಒಂದು ಅರೇ. ಪಾಯಿಂಟರ್ ಇಲ್ಲ. ಮುಂದಿನ ಜಾಗಕ್ಕೆ ಹೋಗಲು ಸೂಚ್ಯಂಕದ ಕೊನೆಯ 1 ಬಿಟ್ ಕೂಡಿಸಿದರೆ ಅಥವಾ ಕಳೆದರೆ ಆಯಿತು. ಸಂಖ್ಯೆಗಳಿಗೆ ಮೊದಲು ಕ್ರಮಾಂಕ ಕೊಡಿ, ಬಲದಿಂದ ಎಡಕ್ಕೆ ಬನ್ನಿ, ಇದಕ್ಕಿಂತ ಚಿಕ್ಕವು ಎಷ್ಟು ಬಂದಿವೆ ಅಂತ ಕೇಳುತ್ತಾ ಹೋಗಿ. ಹತ್ತು ಹನ್ನೆರಡು ಸಾಲಿನಲ್ಲಿ ಮುಗಿಯಿತು. ಬ್ಯಾಲೆನ್ಸ್ಡ್ ಟ್ರೀಯಲ್ಲಿ ಪ್ರತಿ ನೋಡ್ ಮೆಮೊರಿಯಲ್ಲಿ ಎಲ್ಲೆಲ್ಲೋ ಇರುತ್ತದೆ. ಬೇಕಾದ ಪುಸ್ತಕಗಳು ಒಂದೇ ಕಪಾಟಿನಲ್ಲಿರುವುದಕ್ಕೂ ಊರಿನ ನಾಲ್ಕು ಲೈಬ್ರರಿಗಳಲ್ಲಿ ಹಂಚಿಹೋಗಿರುವುದಕ್ಕೂ ಇರುವಷ್ಟು ವ್ಯತ್ಯಾಸ. ಕ್ಯಾಶ್‌ನಲ್ಲಿ (ಪ್ರೊಸೆಸರ್ ಪಕ್ಕದ ಚಿಕ್ಕ, ವೇಗದ ಮೆಮೊರಿ) ಇಲ್ಲದ್ದನ್ನು ಪ್ರೊಸೆಸರ್ ಪ್ರತಿ ಸಲ ಮುಖ್ಯ ಮೆಮೊರಿಯಿಂದ ತರಿಸಬೇಕು.

ನೋಡಲು ಬಿಗ್ ಓ ದೊಡ್ಡದಾಗಿರುವ ವಿಧಾನವೇ ಗೆಲ್ಲುವ ಸಂದರ್ಭವೂ ಇದೆ ಅನಿಸಬಹುದು. ಅತಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ಅವರ ವಿಧಾನ ನೋಡಿ. 1959ರಲ್ಲಿ ಅವರು ಪ್ರಕಟಿಸಿದ ಮೂಲ ವಿಧಾನದಲ್ಲಿ ಹೀಪ್ (ಅತಿ ಚಿಕ್ಕದನ್ನು ಬೇಗ ತೆಗೆದುಕೊಡುವ ರಚನೆ) ಇರಲಿಲ್ಲ. ಸರಳವಾಗಿ ಬರೆದರೆ ಅದು ಎನ್ ವರ್ಗ. ಹೀಪ್ ಹಾಕುವುದೇ ಯಾವಾಗಲೂ ಉತ್ತಮ ಅಂತ ತುಂಬಾ ಜನ ತಿಳಿದಿದ್ದಾರೆ. 2000 ನೋಡ್ ಇದ್ದು ಎಲ್ಲದಕ್ಕೂ ಎಲ್ಲದರ ಜೊತೆ ದಾರಿ ಇದ್ದರೆ, ಸುಮಾರು 20 ಲಕ್ಷ ಅಂಚುಗಳು, ಅಂದರೆ ಎರಡು ನೋಡ್ ನಡುವಿನ ನೇರ ದಾರಿಗಳು. ಹೀಪ್ ಇದ್ದರೆ ಕೆಟ್ಟ ಸಂದರ್ಭದಲ್ಲಿ ಅಂಚುಗಳ ಲೆಕ್ಕದ ಮೇಲೆ ಲಾಗ್ ಗುಣಿಸಬೇಕು, 2 ಕೋಟಿ ದಾಟುತ್ತದೆ. ಹೀಪ್ ಇಲ್ಲದೆ 40 ಲಕ್ಷ, ಹೆಚ್ಚೆಂದರೆ ಅದರ ಒಂದೆರಡು ಪಟ್ಟು, ಅಷ್ಟೇ. ಇಲ್ಲಿ ಹಳೆಯದೇ ಸರಿ. ಅಂಚುಗಳು ಕಡಿಮೆ ಇದ್ದಾಗ ಹೀಪ್ ಬೇಕೇ ಬೇಕು.

ಪೈಥಾನ್ ಬಳಸುವ ಸದಸ್ಯೆ:
ನನ್ನದು ಎನ್ ಲಾಗ್ ಎನ್, ಆದರೂ ಟಿಎಲ್ಇ. ಭಾಷೆ ಬದಲಿಸಬೇಕಾ?

ಉತ್ತರ:
ಮೊದಲು ಪೈಪೈನಲ್ಲಿ (ಪೈಥಾನ್ ಕೋಡನ್ನು ವೇಗವಾಗಿ ಓಡಿಸುವ ಇನ್ನೊಂದು ಆವೃತ್ತಿ) ಸಬ್ಮಿಟ್ ಮಾಡಿ ನೋಡಿ. ಸಾಮಾನ್ಯ ಪೈಥಾನ್‌ನಲ್ಲಿ ಸೆಕೆಂಡಿಗೆ 1 ಕೋಟಿ ಸರಳ ಹೆಜ್ಜೆ ಸಿಕ್ಕಿದರೆ ಹೆಚ್ಚು. ಇನ್‌ಪುಟ್ ಒಂದೊಂದೇ ಸಾಲು ಓದಬೇಡಿ, ಒಟ್ಟಿಗೆ ಓದಿಕೊಳ್ಳಿ. ನೀವೇ ಲೂಪ್ ಬರೆಯುವ ಬದಲು ಸಾರ್ಟ್, ಬೈಸೆಕ್ಟ್ (ಬೈನರಿ ಸರ್ಚ್) ಬಳಸಿ, ಸಾಮಾನ್ಯ ಪೈಥಾನ್‌ನಲ್ಲಿ ಅವು ಒಳಗೆ ಸಿ ಭಾಷೆಯಲ್ಲಿ ಓಡುತ್ತವೆ. ಸಿ++ ನವರೂ ಇದನ್ನು ಗಮನಿಸಿ. ಪ್ರತಿ ಸಾಲಿಗೆ ಎಂಡ್‌ಎಲ್ (ಸಾಲು ಮುಗಿಸಿ ಔಟ್‌ಪುಟನ್ನು ಆಗಲೇ ಹೊರಕಳಿಸುವ ಆದೇಶ) ಹಾಕಿ 2 ಲಕ್ಷ ಸಾಲು ಪ್ರಿಂಟ್ ಮಾಡಿದರೆ ಅಲ್ಲೇ ಸಮಯ ಹೋಗುತ್ತದೆ.

ಒಂದು ಮಾತು ಕೇಳಬೇಕಿತ್ತು, ನಿಮ್ಮ ಪ್ರಾಬ್ಲಮ್‌ನಲ್ಲಿ ಒಂದೇ ಇನ್‌ಪುಟ್‌ನಲ್ಲಿ ಹಲವು ಟೆಸ್ಟ್ ಇವೆಯಾ?

ಪೈಥಾನ್ ಬಳಸುವ ಸದಸ್ಯೆ:
ಹೌದು ಮೇಡಂ, 10 ಸಾವಿರ ಟೆಸ್ಟ್. ಎಲ್ಲದರ ಎನ್ ಸೇರಿ 2 ಲಕ್ಷ ಮೀರುವುದಿಲ್ಲ ಅಂತ ಇದೆ. ಪ್ರತಿ ಟೆಸ್ಟ್‌ಗೂ 2 ಲಕ್ಷದ ಹೊಸ ಅರೇ ಮಾಡಿಕೊಳ್ಳುತ್ತೇನೆ.

ಉತ್ತರ:
ಸಿಕ್ಕಿತು ನೋಡಿ. 10 ಸಾವಿರ ಸಲ 2 ಲಕ್ಷ ಅಂದರೆ 200 ಕೋಟಿ ಜಾಗಕ್ಕೆ ಸೊನ್ನೆ ತುಂಬುತ್ತಿದ್ದೀರಿ. ಅಲ್ಗಾರಿದಮ್ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಆ ಟೆಸ್ಟ್‌ನ ಎನ್ ಎಷ್ಟೋ ಅಷ್ಟೇ ಉದ್ದದ ಅರೇ ಮಾಡಿಕೊಳ್ಳಿ. ಭಾಷೆ ಬದಲಿಸುವ ಯೋಚನೆ ಆಮೇಲೆ.

ಮೊದಲ ವಿದ್ಯಾರ್ಥಿ:
ಮೇಡಂ, ಮರ್ಜ್ ಸಾರ್ಟ್‌ನಲ್ಲಿ ಬರೆದೆ. ಈಗ ಟೈಮ್ ಲಿಮಿಟ್ ತೊಂದರೆ ಇಲ್ಲ, ಆದರೆ ದೊಡ್ಡ ಟೆಸ್ಟ್‌ನಲ್ಲಿ ರಾಂಗ್ ಆನ್ಸರ್ ಬರುತ್ತಿದೆ. ಚಿಕ್ಕವು ಎಲ್ಲಾ ಸರಿ.

ಉತ್ತರ:
ಉತ್ತರವನ್ನು ಇಂಟ್‌ನಲ್ಲಿ (ಪೂರ್ಣಾಂಕ ಇಡುವ ಸಾಮಾನ್ಯ ಟೈಪ್) ಇಟ್ಟಿದ್ದೀರಿ ಅನಿಸುತ್ತದೆ. ಅದರಲ್ಲಿ ಸುಮಾರು 214 ಕೋಟಿಯವರೆಗೆ ಮಾತ್ರ ಹಿಡಿಯುತ್ತದೆ. ಸಾಲು ಪೂರ್ತಿ ಉಲ್ಟಾ ಇದ್ದರೆ ಪ್ರತಿ ಜೋಡಿಯೂ ಇನ್ವರ್ಷನ್, ಅಂದರೆ ಮೊದಲು ಲೆಕ್ಕ ಹಾಕಿದ ಅದೇ 2000 ಕೋಟಿ. ಅದನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಲಾಂಗ್ ಮಾಡಿ ಮತ್ತೆ ಸಬ್ಮಿಟ್ ಮಾಡಿ.